ತಂತಿ ನೋಡಿ ಕರಬೂಜದ ಗೂಡು ತೆರೆಯುವ ಏಕನಾಥಮ್ಮ

ಇನ್ನೂ ಬೆಳಕು ಹರಿದಿಲ್ಲ. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನ ಹೊರಗೆ, ಶಿವಕುಮಾರಪ್ಪನವರ ಹೊಲದ ಬದುವಿನ ಮೇಲೆ ಏಳೆಂಟು ಹೆಂಗಸರು ಸೆರಗನ್ನು ಕಿವಿಗೆ ಸುತ್ತಿಕೊಂಡು ನಿಂತಿದ್ದಾರೆ. ಮುಂದೆ ಹೊಲದ ತುಂಬ ಮೊಣಕಾಲೆತ್ತರದ ಬಿಳಿ ಪ್ಲಾಸ್ಟಿಕ್ ಗೂಡುಗಳು ಸಾಲಾಗಿ ಮಲಗಿವೆ. ಅವುಗಳ ಮೇಲೆ ಇಬ್ಬನಿ ಕಟ್ಟಿದೆ. ಚಳಿಗೆ ಹಲ್ಲು ಕಟಕಟಿಸುವ ಹೊತ್ತು. ಆದರೂ ಯಾರೂ ಹೊಲಕ್ಕೆ ಇಳಿಯುತ್ತಿಲ್ಲ, ಯಾರೂ ಅವಸರ ಮಾಡುತ್ತಿಲ್ಲ.

ಏಕನಾಥಮ್ಮ ಒಬ್ಬರೇ ಟಾರ್ಚು ಹಿಡಿದು ಹೊಲದ ಅಂಚಿನಲ್ಲಿ ನಡೆಯುತ್ತಿದ್ದಾರೆ. ಟಾರ್ಚಿನ ಬೆಳಕು ನೆಲದ ಮೇಲಿಲ್ಲ, ಮೇಲಕ್ಕಿದೆ. ಟ್ರಾನ್ಸ್‌ಫಾರ್ಮರ್ ಇರುವ ಟಿಸಿ ಕಂಬದಿಂದ ಮುಂದಿನ ಕಂಬಕ್ಕೆ, ಅಲ್ಲಿಂದ ಮೋಟಾರ್ ಮನೆಗೆ ಹೋಗುವ ಕರೆಂಟಿನ ತಂತಿಗಳನ್ನು ಅವರು ಒಂದೊಂದಾಗಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ತಂತಿ ಜೋತಾಡಿದೆಯೇ, ಕೊಂಬೆ ಬಿದ್ದಿದೆಯೇ, ರಾತ್ರಿ ಗಾಳಿಗೆ ಹಾರಿದ ಪ್ಲಾಸ್ಟಿಕ್ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಹುಡುಕುತ್ತಾರೆ. ಆ ಮೇಲೆ ಪ್ರತಿ ಸಾಲಿನ ತಲೆಯಲ್ಲೂ ನಿಂತು, ಬಗ್ಗಿ, ಸಾಲಿನ ಮೇಲೆ ಏನಾದರೂ ಅಡ್ಡ ಬಿದ್ದಿದೆಯೇ ಎಂದು ಉದ್ದಕ್ಕೂ ಬೆಳಕು ಹಾಯಿಸುತ್ತಾರೆ. ಕೊನೆಗೆ ಬದುವಿನ ಕಡೆ ತಿರುಗಿ ಒಂದೇ ಮಾತು ಹೇಳುತ್ತಾರೆ.

"ಇಳೀರಿ."

ಹೆಂಗಸರು ಹೊಲಕ್ಕೆ ಇಳಿಯುತ್ತಾರೆ. ಹಾಳೆಯ ಒಂದು ಅಂಚನ್ನು ಮಣ್ಣಿನಿಂದ ಬಿಡಿಸಿ ಮೇಲಕ್ಕೆ ಸುತ್ತುತ್ತ ಹೋಗುತ್ತಾರೆ. ಒಳಗಿನಿಂದ ಬೆಚ್ಚಗಿನ ಗಾಳಿ, ಹಸಿ ಮಣ್ಣಿನ ಮತ್ತು ಎಳೆ ಬಳ್ಳಿಯ ವಾಸನೆ ಹೊತ್ತು ಮುಖಕ್ಕೆ ಬಡಿಯುತ್ತದೆ. ಹಳದಿ ಹೂ ಬಿಟ್ಟ ಕರಬೂಜದ ಬಳ್ಳಿಗಳು ಬೆಳಕಿಗೆ ಬರುತ್ತವೆ. ಹೊರಗೆ ಧನುರ್ಮಾಸದ ಚಳಿ, ಒಳಗೆ ಬೇಸಿಗೆ.

ಮೂರನೆಯ ಸಾಲಿಗೆ ಮಾತ್ರ ಬೇರೆ ಯಾರೂ ಕೈ ಹಾಕುವುದಿಲ್ಲ. ಅದು ಪಲ್ಲವಿಯ ಸಾಲು. ಇಪ್ಪತ್ತೆರಡರ ಆಸುಪಾಸಿನ ಈ ಹುಡುಗಿ ಗಿರಿಯಮ್ಮನವರ ಮಗಳು. ಗಿರಿಯಮ್ಮ ಏಕನಾಥಮ್ಮನ ಜೊತೆಗಾತಿ. ಈಗ ಇಲ್ಲ. ಇದೇ ಸಾಲಿನಲ್ಲಿ, ಇಂಥದೇ ಒಂದು ಬೆಳಗಿನಲ್ಲಿ, ಏಕನಾಥಮ್ಮನ ಕಣ್ಣೆದುರಿಗೇ ಹೋದರು. ಆ ಬೆಳಗಿನ ಆಘಾತ ಈ ಹೊಲದಿಂದ ಇನ್ನೂ ಇಳಿದಿಲ್ಲ.

ಏಕನಾಥಮ್ಮ ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ, ಕೊಟ್ಟಿದ್ದೂ ಅಂಥದೇ ಮನೆಗೆ. ಮದುವೆಯಾದ ಹೊಸತರಲ್ಲಿ ಗಂಡ ರಂಗಪ್ಪನ ಜೊತೆ ಮಂದೆಯ ಹಿಂದೆ ಹಿರಿಯೂರಿನ ನಾಲೆಯ ಬಯಲಿನವರೆಗೂ ನಡೆದವರು. ಸುಗ್ಗಿ ಮುಗಿದ ಗದ್ದೆಯಲ್ಲಿ ಕುರಿ ನಿಲ್ಲಿಸುವುದು, ಗೊಬ್ಬರಕ್ಕೆ ಬದಲು ಕಾಳು ಪಡೆಯುವುದು, ಮಳೆ ಬಂದರೆ ಊರಿಗೆ ಮರಳುವುದು. ಅದೇ ಬದುಕು. ಆ ತಿರುಗಾಟದ ಒಂದು ಮುಂಜಾನೆ ಬಬ್ಬೂರಿನ ಹತ್ತಿರ ಕಂಡದ್ದನ್ನು ಅವರು ಇಂದಿಗೂ ಮರೆತಿಲ್ಲ. ಮುಳ್ಳುತಂತಿಯ ಬೇಲಿಯ ಮೇಲೆ ಕರೆಂಟಿನ ತಂತಿ ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಟಗರು ಬೇಲಿಗೆ ತಾಗಿ ಬಿತ್ತು. ಅದನ್ನು ಮೂಸಲು ಹೋದ ಕುರಿ ಬಿತ್ತು. ಅದರ ಮರಿ ಬಿತ್ತು.

"ಒಂದನ್ನ ನೋಡಾಕ್ ಹೋಗಿ ಇನ್ನೊಂದು, ಅದನ್ನ ನೋಡಾಕ್ ಹೋಗಿ ಮತ್ತೊಂದು. ನಮ್ಮ ಮಾವ ಕಂಬಳಿ ಬೀಸಿ ಬೀಸಿ ಉಳಿದವನ್ನ ಹಿಂದಕ್ಕೆ ಓಡಿಸ್ತಿದ್ದ. ನಾನು ಬಿದ್ದ ಮರಿ ಎತ್ಕಳಾಕ್ ಹೋದೆ ನೋಡ್ರಿ, ಕೆನ್ನಿಗೆ ಒಂದು ಬಿಟ್ಟ. ಯಾವತ್ತೂ ಹೊಡೆದ ಮನುಷ್ಯ ಅಲ್ಲ ಅವ್ನು" ಎನ್ನುತ್ತಾರೆ. ಈಗಲೂ ಹೇಳುವಾಗ ಕೈ ಕೆನ್ನೆಗೆ ಹೋಗುತ್ತದೆ.

ಮೊಣಕಾಲು ನೋವು ಶುರುವಾದ ಮೇಲೆ ಏಕನಾಥಮ್ಮ ಮಂದೆಯ ಹಿಂದೆ ಹೋಗುವುದನ್ನು ಬಿಟ್ಟರು. ರಂಗಪ್ಪ ಕುರಿ ಕಾಯ್ದರು, ಇವರು ಕೂಲಿಗೆ ನಿಂತರು. ಆಗಲೇ ಶಿವಕುಮಾರಪ್ಪನವರು ಚಳಿಗಾಲದಲ್ಲಿ ಕರಬೂಜ ಬೆಳೆಯುವ ಸಾಹಸಕ್ಕೆ ಇಳಿದದ್ದು. ಕರಬೂಜಕ್ಕೆ ಚಳಿ ಆಗದು. ಎಲ್ಲರೂ ಚಳಿ ಹೋದ ಮೇಲೆ ಬಿತ್ತಿದರೆ ಇವರು ಚಳಿ ನೆತ್ತಿಯ ಮೇಲಿರುವಾಗಲೇ ಸಸಿ ನೆಟ್ಟು, ಸಾಲಿನ ಮೇಲೆ ಕಮಾನು ಕಟ್ಟಿ, ಪ್ಲಾಸ್ಟಿಕ್ ಹೊದಿಸಿದರು. ಶಿವರಾತ್ರಿಗೆ ಮುಂಚೆ ಹಣ್ಣು ಪೇಟೆಗೆ ಹೋಗಬೇಕು, ಆಗ ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಕೇಳಲು ಸುಲಭ, ಮಾಡಲು ಮೈಮುರಿಯುವ ಕೆಲಸ. ಸೂರ್ಯ ಏರುವ ಮೊದಲು ಹಾಳೆ ತೆಗೆಯದಿದ್ದರೆ ಬಳ್ಳಿ ಒಳಗೇ ಬೆಂದುಹೋಗುತ್ತದೆ. ಇಳಿಬಿಸಿಲಿನಲ್ಲೇ ಮುಚ್ಚದಿದ್ದರೆ ರಾತ್ರಿಯ ಚಳಿಗೆ ಸುರುಟಿಕೊಳ್ಳುತ್ತದೆ. ಹೂ ಬಿಟ್ಟ ಮೇಲೆ ಜೇನು ಒಳಗೆ ಬರಲು ದಾರಿ ಬಿಡಬೇಕು. ಗಾಳಿ ಎದ್ದರೆ ಓಡಿಹೋಗಿ ಅಂಚಿಗೆ ಮಣ್ಣು ಏರಿಸಬೇಕು. ಈ ಬಗ್ಗುವ, ಏಳುವ, ಸುತ್ತುವ, ಮುಚ್ಚುವ ಕೆಲಸ ಪೂರ್ತಿ ಹೆಂಗಸರದು. ದಿನಕ್ಕೆ ಎಷ್ಟು ಸಲ ಬಗ್ಗುತ್ತೀರಿ ಎಂದು ಕೇಳಿದರೆ ಏಕನಾಥಮ್ಮ ನಕ್ಕು, ನೆಟ್ಟಗೆ ನಿಂತದ್ದನ್ನು ಲೆಕ್ಕ ಹಾಕಿದರೆ ಬೇಗ ಮುಗಿಯುತ್ತದೆ ಎನ್ನುತ್ತಾರೆ. ಪೇಟೆಯ ತಳ್ಳುಗಾಡಿಯಲ್ಲಿ ಕರಬೂಜ ಕೊಯ್ಸಿಕೊಂಡು ತಿನ್ನುವ ಯಾರಿಗೂ ಈ ಬೆನ್ನುಗಳ ಸುದ್ದಿ ಗೊತ್ತಿಲ್ಲ.

ಆ ಮೊದಲ ವರ್ಷದಿಂದಲೂ ಏಕನಾಥಮ್ಮನ ಪಕ್ಕದ ಸಾಲು ಗಿರಿಯಮ್ಮನವರದು. ಒಬ್ಬರು ಈ ತುದಿಯಿಂದ, ಇನ್ನೊಬ್ಬರು ಆ ತುದಿಯಿಂದ ಹಾಳೆ ತೆಗೆಯುತ್ತ ಬಂದು ನಡುವೆ ಸೇರಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಿರಿಯಮ್ಮನಿಗೆ ಜನರನ್ನು ಅಣಕಿಸುವುದರಲ್ಲಿ ಎತ್ತಿದ ಕೈ. ಶಿವಕುಮಾರಪ್ಪನವರು ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಭಂಗಿ, ಬಸ್ಸಿನ ಕಂಡಕ್ಟರ್ ಚಿಲ್ಲರೆಗೆ ಮುಖ ಸಿಂಡರಿಸುವ ರೀತಿ, ಸ್ವಂತ ಗಂಡ ಸಂಜೆ ತೂರಾಡಿಕೊಂಡು ಬರುತ್ತಿದ್ದ ಚಂದ. ಎಲ್ಲವನ್ನೂ ಸಾಲಿನ ನಡುವೆ ನಿಂತು ಮಾಡಿ ತೋರಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಆ ಅಣಕ ನಿಲ್ಲಲಿಲ್ಲ. ಅಳುವ ಬದಲು ಹಾಗೆ ಮಾಡುತ್ತಾಳೆ ಎಂದು ಏಕನಾಥಮ್ಮನಿಗೆ ಮಾತ್ರ ಗೊತ್ತಿತ್ತು.

ಆಗ ಗೂಡಿನ ಕಮಾನುಗಳು ಕಬ್ಬಿಣದ ಕಂಬಿಯವು. ಕಮಾನು ಅಲ್ಲಾಡಬಾರದೆಂದು ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಇನ್ನೊಂದು ತಂತಿ ಎಳೆದು ಬಿಗಿದಿರುತ್ತಿದ್ದರು. ಗಟ್ಟಿಮುಟ್ಟಾಗಿದೆ ಎಂದು ಎಲ್ಲರಿಗೂ ಸಮಾಧಾನ. ಅದರಿಂದ ಏನಾಗಬಹುದು ಎಂದು ಯಾರ ಮನಸ್ಸಿಗೂ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿಗೆ ಇನ್ನೇನು ವಾರವಿದೆ ಎನ್ನುವಾಗ, ಒಂದು ರಾತ್ರಿ ಗಾಳಿ ಬೀಸಿತು. ಹೊಲದ ಮೂಲೆಯ ನೀಲಗಿರಿ ಮರದ ಒಣ ಕೊಂಬೆ ಮುರಿದು ಕರೆಂಟಿನ ತಂತಿಗಳ ಮೇಲೆ ಬಿತ್ತು. ಅವುಗಳಲ್ಲಿ ಒಂದು ತುಂಡಾಗಿ ಮೂರನೆಯ ಸಾಲಿನ ಕೊನೆಯ ಕಮಾನುಗಳ ಮೇಲೆ ಒರಗಿತು. ಬೆಳಗ್ಗೆ ದಟ್ಟ ಮಂಜು. ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಕರೆಂಟೂ ಇರಲಿಲ್ಲ, ಹೊಲಗಳಿಗೆ ಸರದಿಯ ಮೇಲೆ ಬಿಡುವ ಕರೆಂಟು ಆ ಭಾಗಕ್ಕೆ ಇನ್ನೂ ಬಂದಿರಲಿಲ್ಲ.

ಏಕನಾಥಮ್ಮ ಎಂದಿನಂತೆ ಮೋಟಾರ್ ಮನೆಯ ಕಡೆಯಿಂದ ಮೂರನೆಯ ಸಾಲು ತೆರೆಯಲು ಶುರುಮಾಡಿದರು. ಒಂದು ಕೈಯಲ್ಲಿ ಒದ್ದೆ ಹಾಳೆ, ಇನ್ನೊಂದು ಕೈ ಕಂಬಿಯ ಮೇಲೆ. ಒಂದಾದ ಮೇಲೊಂದು ಕಮಾನು ಹಿಡಿಯುತ್ತ, ಬಿಡುತ್ತ, ಅರ್ಧ ಸಾಲು ಬಂದರು. ಆಗ ಸೊಸೆ ಸುಮಾ ಆ ಕಡೆಯಿಂದ ಡ್ರಿಪ್ ಪೈಪು ಕಿತ್ತುಬಂದಿದೆ, ಬಂದು ನೋಡು ಎಂದು ಕೂಗಿದಳು. ಪಕ್ಕದ ಸಾಲಿನಲ್ಲಿ ನಡುವಿನವರೆಗೆ ಬಂದಿದ್ದ ಗಿರಿಯಮ್ಮ ಹೇಳಿದರು. "ನೀ ಹೋಗೇ, ಉಳಿದದ್ದು ನಾ ತೆಗಿತೀನಿ."

ಏಕನಾಥಮ್ಮ ಹೋದರು. ಅವರು ಬಿಟ್ಟ ಕಮಾನನ್ನು ಗಿರಿಯಮ್ಮ ಹಿಡಿದರು.

ಅಷ್ಟರಲ್ಲಿ ಮೋಟಾರ್ ಮನೆಯ ಬಲ್ಬು ಹತ್ತಿತು. ಮಂಜಿನಲ್ಲಿ ಹಳದಿ ಬೆಳಕಿನ ಒಂದು ಉಂಡೆ ಕಂಡಿತು. ಕರೆಂಟು ಬಂತು, ಇನ್ನು ನೀರು ಬಿಡಬಹುದು ಎಂದು ಸುಮಾ ಹೇಳಿದಳು. ಏಕನಾಥಮ್ಮ ತಿರುಗಿ ನೋಡಿದರು. ಗಿರಿಯಮ್ಮ ಬಗ್ಗಿದ ಹಾಗೇ ಇದ್ದರು. ಎರಡೂ ಕೈ ಕಮಾನಿನ ಮೇಲೆ. ಕೂಗಲಿಲ್ಲ, ಬೀಳಲಿಲ್ಲ. ತಲೆ ಮಾತ್ರ ಸಣ್ಣಗೆ ಅದುರುತ್ತಿತ್ತು.

"ಯಾರನ್ನೋ ಅಣಕಿಸ್ತಾ ಅವ್ಳೆ ಅನ್ಕಂಡೆ" ಎನ್ನುತ್ತಾರೆ ಏಕನಾಥಮ್ಮ. "ಯಾರೇ ಅದು, ಅಂದೆ. ನಕ್ಕೂ ಬಿಟ್ಟೆ."

ನಗು ಬಾಯಲ್ಲಿರುವಾಗಲೇ ಹಾಳೆಯ ಮೇಲಿನ ಇಬ್ಬನಿ ಚುಂಯ್ ಎನ್ನುವ ಸದ್ದು ಕಿವಿಗೆ ಬಿತ್ತು. ಸಾಲಿನ ಆ ತುದಿಯಲ್ಲಿ ಪ್ಲಾಸ್ಟಿಕ್ ಕರಗಿದ ವಾಸನೆ ಎದ್ದಿತು. ಬಬ್ಬೂರಿನ ಬೇಲಿ, ಸಾಲಾಗಿ ಬಿದ್ದ ಕುರಿಗಳು ಕಣ್ಣ ಮುಂದೆ ಬಂದವು. ಆ ಹೊತ್ತಿಗೆ ನಾಲ್ಕನೆಯ ಸಾಲಿನಿಂದ ಪಲ್ಲವಿ "ಅವ್ವಾ" ಎಂದು ಓಡಿಬರುವುದು ಕಂಡಿತು. ಆ ಹುಡುಗಿಯ ಕೈಗಳು ಮುಂದಕ್ಕೆ ಚಾಚಿದ್ದವು.

ಏಕನಾಥಮ್ಮ ಅಡ್ಡ ಬಿದ್ದು ಪಲ್ಲವಿಯ ಜಡೆ ಹಿಡಿದು ಎಳೆದರು. ಇಬ್ಬರೂ ಎರಡು ಸಾಲಿನ ನಡುವಿನ ಓಣಿಯಲ್ಲಿ ಉರುಳಿದರು. ಹುಡುಗಿ ಒದ್ದಳು, ಪರಚಿದಳು, ಕೊನೆಗೆ ಏಕನಾಥಮ್ಮನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಏಕನಾಥಮ್ಮ ಅವಳ ಸೊಂಟಕ್ಕೆ ಎರಡೂ ಕೈ ಬಿಗಿದು, ಮೈಮೇಲೆ ಬಿದ್ದು ಅದುಮಿ ಹಿಡಿದರು. ಹಾಗೇ ಮಲಗಿಕೊಂಡು, ಓಡಿಬರುತ್ತಿದ್ದ ಉಳಿದ ಹೆಂಗಸರಿಗೆ ನಿಂತಲ್ಲೇ ನಿಲ್ಲಿ ಎಂದು ಕೂಗಿದರು. ಯಜಮಾನರನ್ನು ಕರೆಯಲು ಸುಮಾಗೆ ಹೇಳಿದರು.

ಶಿವಕುಮಾರಪ್ಪನವರ ಮಗ ಗುರುರಾಜ್ ಟಿಸಿಯ ಕಡೆ ಓಡಿದ. ಕರೆಂಟು ತೆಗೆಯುವ ತುಕ್ಕು ಹಿಡಿದ ಹ್ಯಾಂಡಲ್ ಮೊದಲಿಗೆ ಅಲುಗಲಿಲ್ಲ. ಮೈಭಾರ ಹಾಕಿ ಜೋತುಬಿದ್ದ ಮೇಲೆ ಇಳಿಯಿತು. ಬಲ್ಬು ಆರಿತು. ಗಿರಿಯಮ್ಮ ಕಮಾನಿನ ಮೇಲೇ ಕುಸಿದರು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಒಣ ಕೋಲಿನಿಂದ ತಳ್ಳಬಹುದಿತ್ತಲ್ಲ ಎಂದು ಆಮೇಲೆ ಊರಿನಲ್ಲಿ ಬಹಳ ಜನ ಕೇಳಿದರು. ಅದಕ್ಕೆ ಏಕನಾಥಮ್ಮನ ಹತ್ತಿರ ಉತ್ತರವಿದೆ. "ಆ ಮಂಜಿನಾಗೆ ಒಣ ಕೋಲು ಎಲ್ಲೈತ್ರಿ? ಹುಡುಕಾಕಾದ್ರೂ ಏಳಬೇಕಿತ್ತು. ಏಳಬೇಕು ಅಂದ್ರೆ ಈ ಹುಡುಗಿನ ಬಿಡಬೇಕಿತ್ತು. ಬಿಟ್ಟಿದ್ರೆ ಇವಳೂ ಹೋಗ್ತಿದ್ಲು. ಒಂದು ಕೈಯಾಗೆ ಎರಡು ಜೀವ ಹಿಡಿಯಾಕ್ ಆಗಲಿಲ್ಲ."

ಆಮೇಲಿನ ದಿನಗಳು ಏಕನಾಥಮ್ಮನಿಗೆ ಮಂಜು ಮುಸುಕಿದ ಹಾಗೇ ನೆನಪಿವೆ. ಅವರನ್ನು ಕಾಡಿದ್ದು ಸಾವೊಂದೇ ಅಲ್ಲ. ಅದೇ ತಂತಿ ತಾಗಿದ್ದ ಅದೇ ಸಾಲನ್ನು ಅವರೇ ಅರ್ಧದವರೆಗೆ ಬರಿಗೈಯಲ್ಲಿ ಹಿಡಿಯುತ್ತ ಬಂದಿದ್ದರು. ಕರೆಂಟು ಚೂರು ಮೊದಲೇ ಬಂದಿದ್ದರೆ, ಸುಮಾ ಚೂರು ತಡವಾಗಿ ಕೂಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದಾಗಲೆಲ್ಲ ಕೂತಲ್ಲೇ ಬೆವರುತ್ತಿದ್ದರು. ಕಬ್ಬಿಣ ಮುಟ್ಟುವುದೇ ನಿಂತುಹೋಯಿತು. ಬಾಗಿಲ ಚಿಲಕಕ್ಕೆ ಸೆರಗು ಸುತ್ತಿ ಕೈ ಹಾಕುತ್ತಿದ್ದರು. ನೀರಿನ ಬೋರಿನ ಹಿಡಿ ಒತ್ತಲು ಸೊಸೆಯೇ ಬೇಕಾಯಿತು. ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಹಾಕಲು ಹೋಗಿ ಬೆಚ್ಚಿ ಹಿಂದಕ್ಕೆ ಸರಿದದ್ದನ್ನು ಕಂಡು ರಂಗಪ್ಪ ತಾವೇ ಒಲೆ ಮುಂದೆ ಕೂತರಂತೆ.

ಇಷ್ಟರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಗಿರಿಯಮ್ಮನ ತಿಥಿಯ ದಿನ ಏಕನಾಥಮ್ಮ ಅವರ ಮನೆಗೆ ಹೋದರು. ನೆಂಟರಿಷ್ಟರು ಪಡಸಾಲೆಯಲ್ಲಿ ತುಂಬಿದ್ದರು. ಪಲ್ಲವಿ ಒಳಗಿನಿಂದ ಬಂದು ಎಲ್ಲರ ಎದುರಿಗೆ ನಿಂತಳು.

"ನಮ್ಮವ್ವನ್ನ ಸಾಯಾಕ್ ಬಿಟ್ಟು ನೋಡ್ತಾ ಮಲಗಿದ್ದೆಲ್ಲ, ಈಗ ಉಣ್ಣಾಕ್ ಬಂದ್ಯಾ?"

ಗಿರಿಯಮ್ಮನ ತಮ್ಮ ದಯಾನಂದ, ಹುಡುಗಿ ಸಂಕಟದಲ್ಲಿ ಅಂದಿದ್ದಾಳೆ ಎಂದು ಸಮಾಧಾನ ಹೇಳಲು ಬಂದರು. ಏಕನಾಥಮ್ಮ ಬಾಗಿಲಿನಿಂದಲೇ ಹಿಂದಿರುಗಿದರು. ಆ ಮಾತು ಊರಲ್ಲಿ ಕಾಲು ಕಟ್ಟಿಕೊಂಡು ತಿರುಗಿತು. ಹಿಡಿದುಕೊಂಡದ್ದು ಸರಿ ಎಂದವರೂ ಇದ್ದರು, ಜೊತೆಗಾತಿಗಾಗಿ ಒಂದು ಹೆಜ್ಜೆಯೂ ಮುಂದಿಡದ ಕಲ್ಲೆದೆಯವಳು ಎಂದವರೂ ಇದ್ದರು. ಮುಂಗೈಯ ಗಾಯ ಮಾಗಿತು. ಹಲ್ಲಿನ ಗುರುತು ಅರ್ಧ ಚಂದ್ರದ ಹಾಗೆ ಉಳಿಯಿತು. ಅದನ್ನು ಅವರು ಮುಚ್ಚಿಕೊಳ್ಳುವುದೂ ಇಲ್ಲ, ತೋರಿಸುವುದೂ ಇಲ್ಲ. ಬಳೆ ಹಿಂದೆ ಸರಿದಾಗ ಕಾಣುತ್ತದೆ.

ಹಳೆಯ ತಂತಿ ಬದಲಾಯಿತು, ಕಂಬ ಹೊಸದಾಯಿತು, ನೀಲಗಿರಿ ಮರ ಕಡಿದದ್ದಾಯಿತು. ಆದರೆ ಶಿವಕುಮಾರಪ್ಪನವರು ಆ ವರ್ಷದ ಬಳ್ಳಿಯನ್ನು ಹಾಗೆಯೇ ಒಣಗಲು ಬಿಟ್ಟರು. ಕಂಬಿ ಕಮಾನುಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿಸಿದರು. ಅವರ ಹೆಂಡತಿ ದಾಕ್ಷಾಯಣಮ್ಮ ಗಂಡನ ಸ್ಥಿತಿಯನ್ನು ನೆನೆದು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರಂತೆ. ಆ ಹೊಲದ ಕಡೆ ಕಾಲಿಡುತ್ತಿರಲಿಲ್ಲವಂತೆ.

ಮುಂದಿನ ಚಳಿಗಾಲ ಹೊಲ ಬರಿದಾಗಿಯೇ ಇತ್ತು. ಆ ತಿಂಗಳುಗಳಲ್ಲಿ ಊರ ಹೆಂಗಸರಿಗೆ ಬೇರೆ ಕೆಲಸವಿಲ್ಲ. ಕೆಲವರು ಬೆಳಗಾಗುವ ಮೊದಲೇ ಗಾಡಿ ಹತ್ತಿ ಹೊಸದುರ್ಗದ ಕಡೆಗೆ ದಾಳಿಂಬೆ ತೋಟದ ಕೂಲಿಗೆ ಹೋದರು. ಆ ಗಾಡಿಯಲ್ಲಿ ಪಲ್ಲವಿಯೂ ನಿಂತುಕೊಂಡು ಹೋಗುವುದನ್ನು ಏಕನಾಥಮ್ಮ ತಮ್ಮ ಮನೆಯ ಕಟ್ಟೆಯಿಂದ ದಿನವೂ ನೋಡಿದರು. ಜಗ್ಗುವ ಗಾಡಿಯ ಹಿಂಬದಿಯಲ್ಲಿ, ಸರಳಿಗೆ ಜೋತುಬಿದ್ದು.

ಮತ್ತೊಂದು ಮಳೆಗಾಲ ಕಳೆದ ಮೇಲೆ ಏಕನಾಥಮ್ಮ ಯಾರಿಗೂ ಹೇಳದೆ ಶಿವಕುಮಾರಪ್ಪನವರ ಮನೆಗೆ ಹೋದರು. ಮತ್ತೆ ಕರಬೂಜ ಹಾಕಿ ಎಂದು ಕೇಳಿದರು. ಶಿವಕುಮಾರಪ್ಪನವರಿಗೆ ಕಿವಿಯನ್ನೇ ನಂಬಲಾಗಲಿಲ್ಲ.

"ಯಾರು ಕೇಳಿದ್ರೂ ಕೇಳ್ತಾರೆ, ನೀನು ಕೇಳ್ತೀಯ ಅಂತ ಅನ್ಕಂಡಿರಲಿಲ್ಲ ಏಕನಾಥಮ್ಮ. ಆ ನೆಲದ ಮ್ಯಾಲೆ ಕಾಲಿಡಾಕೆ ನಿಂಗೆ ಮನಸು ಬರ್ತದಾ?"

"ಬರಲ್ಲ ಯಜಮಾನ್ರೆ. ಆದ್ರೂ ಇಡ್ತೀನಿ. ಕಬ್ಬಿಣ ಮಾತ್ರ ಬ್ಯಾಡ."

ಕಬ್ಬಿಣ ಬೇಡವಾದರೆ ಬಿದಿರು ಬೇಕು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಹತ್ತಿರ ಬಿದಿರು ಸೀಳುವ ಪಾಲಯ್ಯ ಎಂಬುವರಿದ್ದಾರೆ ಎಂದು ರಂಗಪ್ಪನಿಗೆ ಗೊತ್ತಿತ್ತು. ಗಂಡ ಹೆಂಡತಿ ಬಸ್ಸು ಹತ್ತಿದರು. ಕೂರಲು ಜಾಗವಿರಲಿಲ್ಲ. ಏಕನಾಥಮ್ಮನಿಗೆ ಬಸ್ಸಿನ ಕಂಬಿ ಹಿಡಿಯಲು ಆಗಲಿಲ್ಲ. ಕೈ ಹತ್ತಿರ ಒಯ್ದರೂ ಬೆರಳು ಮಡಚುತ್ತಿರಲಿಲ್ಲ. ಚಿತ್ರದುರ್ಗದಿಂದ ಹೊಳಲ್ಕೆರೆಯವರೆಗೂ ರಂಗಪ್ಪ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹೆಂಡತಿಯ ರಟ್ಟೆ ಹಿಡಿದು ನಿಂತರು. ಜನ ಮುಸಿಮುಸಿ ನಕ್ಕರು. ಅವರು ಕೈ ಬಿಡಲಿಲ್ಲ.

ಪಾಲಯ್ಯ ಸೀಳಿ ಕೊಟ್ಟ ದಬ್ಬೆಗಳು ಟ್ರ್ಯಾಕ್ಟರಿನಲ್ಲಿ ಬಂದವು. ನೆತ್ತಿಯ ಮೇಲಿನ ತಂತಿಯ ಬದಲು ಪ್ಲಾಸ್ಟಿಕ್ ದಾರ. ಇದರಿಂದ ಅಪಾಯ ಪೂರ್ತಿ ಹೋಯಿತು ಎಂದು ಏಕನಾಥಮ್ಮ ನಂಬಿಲ್ಲ, ಒದ್ದೆ ಬಿದಿರನ್ನೂ ನಂಬಬಾರದು ಎನ್ನುತ್ತಾರೆ. ತಂತಿ ನೋಡದೆ ಯಾರೂ ಇಳಿಯಕೂಡದು ಎಂಬ ಕಟ್ಟುಪಾಡು ಹಾಕಿದ್ದೂ ಆಗಲೇ. ಕೊಯ್ಲಿನ ಭರಾಟೆಯಲ್ಲಿ ಒಂದು ದಿನ ಲಾರಿ ಕಾಯುತ್ತಿದೆ, ಬೇಗ ಇಳಿಸು ಎಂದು ಗುರುರಾಜ್ ಅವಸರ ಮಾಡಿದಾಗ ಶಿವಕುಮಾರಪ್ಪನವರೇ ಮಗನ ಬಾಯಿ ಮುಚ್ಚಿಸಿದರಂತೆ.

ಕಮಾನು ನೆಡುವ ಮೊದಲ ದಿನವೇ ಪಲ್ಲವಿ ಬಂದಳು. ಯಾರೂ ಕರೆದಿರಲಿಲ್ಲ. ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದಳು, ಆಮೇಲೆ ಇಳಿದು ಒಂದು ಹೊರೆ ದಬ್ಬೆ ಎತ್ತಿಕೊಂಡಳು. ಏಕನಾಥಮ್ಮನ ಕಡೆ ನೋಡಲಿಲ್ಲ. ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಪಲ್ಲವಿ ಬುತ್ತಿ ಬಿಚ್ಚದೆ ಏಕನಾಥಮ್ಮನ ಎದುರಿಗೆ ಬಂದು ಕೂತಳು.

ಅಲ್ಲಿಯವರೆಗೆ ಆ ಹುಡುಗಿಗೆ ಎಲ್ಲರೂ ಒಂದೇ ಮಾತು ಹೇಳಿದ್ದರು. ಮುಟ್ಟಿದ ಕ್ಷಣವೇ ಜೀವ ಹೋಗಿತ್ತು, ನಿಮ್ಮವ್ವನಿಗೆ ಏನೂ ಗೊತ್ತಾಗಲಿಲ್ಲ, ನೋವೇ ಆಗಲಿಲ್ಲ. ಸೋದರಮಾವ ದಯಾನಂದ ಹೇಳಿದ್ದರು, ನೆರೆಹೊರೆಯವರು ಹೇಳಿದ್ದರು, ಸುಮಾ ಕೂಡ ಹೇಳಿದ್ದಳು. ಪಲ್ಲವಿ ಕೇಳಿದ್ದು ಅದನ್ನೇ.

"ದೊಡ್ಡವ್ವ, ನೀ ನನ್ನ ಹಿಡ್ಕಂಡಾಗ ಅವ್ವ ಸತ್ತಿದ್ಲಾ?"

ಸುತ್ತ ಕೂತವರ ಕೈ ತುತ್ತಿನಲ್ಲೇ ನಿಂತಿತು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಎಂದು ಸುಮಾ ಈಗಲೂ ಹೇಳುತ್ತಾಳೆ. ಅತ್ತೆ ಹೌದು ಎನ್ನಲೆಂದು ಆಗ ಅವಳು ಮನಸ್ಸಿನಲ್ಲೇ ಬೇಡಿಕೊಂಡಿದ್ದಳಂತೆ.

"ಇಲ್ಲ" ಎಂದರು ಏಕನಾಥಮ್ಮ. "ಜೀವ ಇತ್ತು. ತುಟಿ ಅಲ್ಲಾಡ್ತಿತ್ತು. ಕಣ್ಣು ನಿನ್ನ ಕಡೀಗೇ ಇತ್ತು."

"ಗೊತ್ತಿದ್ದೂ ಹಿಡ್ಕಂಡ್ಯಾ?"

"ಗೊತ್ತಿದ್ದೇ ಹಿಡ್ಕಂಡೆ. ಇವತ್ತು ಹಂಗೇ ಆದ್ರೂ ಹಿಡ್ಕಂತೀನಿ. ನೀನು ಇನ್ನೊಂದು ಕೈ ಕಚ್ಚಿದ್ರೂ ಬಿಡಲ್ಲ."

ಹುಡುಗಿ ಕೂಗಾಡುತ್ತಾಳೆ, ಇಲ್ಲವೇ ಎದ್ದು ಹೋಗಿಬಿಡುತ್ತಾಳೆ ಎಂದು ಎಲ್ಲರೂ ಕಾದರು. ಪಲ್ಲವಿ ನೆಲ ನೋಡುತ್ತಲೇ ಮೆಲ್ಲಗೆ, ನಾನೂ ನೋಡಿದ್ದೆ ಎಂದಳು. ಅವ್ವನ ಕಣ್ಣು ತೆರೆದಿದ್ದನ್ನು, ತುಟಿ ಅಲ್ಲಾಡಿದ್ದನ್ನು ಅವಳೂ ಆ ಓಣಿಯಲ್ಲಿ ಬಿದ್ದಲ್ಲಿಂದಲೇ ನೋಡಿದ್ದಳು. ಯಾರ ಹತ್ತಿರ ಹೇಳಿದರೂ, ಇಲ್ಲ, ನಿನ್ನ ಭ್ರಮೆ ಎನ್ನುತ್ತಿದ್ದರು. ತನಗೆ ಬುದ್ಧಿ ಕೆಟ್ಟಿದೆ ಎಂದು ಅವಳೇ ನಂಬಲು ಶುರುಮಾಡಿದ್ದಳು. ಎರಡು ವರ್ಷ ಆ ಕಣ್ಣನ್ನು ಒಬ್ಬಳೇ ಹೊತ್ತು ತಿರುಗಿದ್ದಳು.

ಅವತ್ತು ಅವಳು ಅತ್ತದ್ದು ಸಂಜೆಯ ಮೇಲೆ, ದಬ್ಬೆ ನೆಟ್ಟು ಮುಗಿದ ನಂತರ. ಏಕನಾಥಮ್ಮ ಪಕ್ಕದಲ್ಲಿ ಕೂತಿದ್ದರು. ಸಮಾಧಾನದ ಮಾತೇನೂ ಆಡಲಿಲ್ಲ. ಮಾರನೆಯ ಬೆಳಗ್ಗೆ ಪಲ್ಲವಿ ಬಂದು ಮೂರನೆಯ ಸಾಲಿನ ತಲೆಯಲ್ಲಿ ನಿಂತಳು. ಅದನ್ನು ಅವಳಿಗೆ ಯಾರೂ ವಹಿಸಲಿಲ್ಲ, ಅವಳಿಂದ ಯಾರೂ ಕಿತ್ತುಕೊಳ್ಳಲೂ ಇಲ್ಲ.

ಈಗ ಅವಳನ್ನು ಕೇಳಿದರೆ ಪಲ್ಲವಿ ಮೊದಲು ಹಾಳೆಯ ಅಂಚನ್ನು ಸುತ್ತುತ್ತ ಹೋಗುತ್ತಾಳೆ. ಆಮೇಲೆ ತಾನಾಗಿಯೇ ಹೇಳುತ್ತಾಳೆ. "ಸಿಟ್ಟು ಪೂರ್ತಿ ಹೋಗೈತೆ ಅಂತ ಸುಳ್ಳು ಹೇಳಲ್ಲ. ಒಂದೊಂದಿನ ಬೆಳಗ್ಗೆ ಮಂಜು ಬಿದ್ರೆ ದೊಡ್ಡವ್ವನ ಮುಖ ನೋಡಾಕ್ ಆಗಲ್ಲ. ಆವತ್ತು ಆಯಮ್ಮನೂ ನನ್ನ ಮಾತಾಡ್ಸಲ್ಲ. ಗೊತ್ತಾಗ್ತದೆ ಆಯಮ್ಮಂಗೆ." ಇದನ್ನು ಹೇಳಿದ ಮೇಲೆ ಒಂದು ಬಳ್ಳಿಯ ಎಲೆ ಸರಿಸಿ, ಗೋಲಿಯಷ್ಟು ದಪ್ಪದ ಎಳೆ ಕಾಯಿಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಾಳೆ. ಮೈಮೇಲೆ ಸಣ್ಣ ರೋಮವಿದೆ, ಅದು ಉದುರಿದರೆ ಕಾಯಿ ಬಳ್ಳಿಯಿಂದ ಬೀಳದೆ ನಿಂತ ಹಾಗೆ ಎನ್ನುತ್ತಾಳೆ. ಅದನ್ನು ಅವಳಿಗೆ ಹೇಳಿಕೊಟ್ಟದ್ದು ಗಿರಿಯಮ್ಮ.

ಏಕನಾಥಮ್ಮನ ಕೈಗೆ ಇನ್ನೂ ಪೂರ್ತಿ ಧೈರ್ಯ ಬಂದಿಲ್ಲ. ಬೋರಿನ ಹಿಡಿ ಒತ್ತುತ್ತಾರೆ, ರೊಟ್ಟಿ ಹಂಚು ಮುಟ್ಟುತ್ತಾರೆ, ಬಸ್ಸಿನ ಕಂಬಿ ಮಾತ್ರ ಆಗದು. ಮಂಜಿನ ದಿನ ಬಲ್ಬು ಹತ್ತಿದರೆ ಈಗಲೂ ನಿಂತಲ್ಲೇ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಸಾಲುಗಳ ನಡುವಿನಿಂದ ಹ್ಞೂಂ, ಹ್ಞೂಂ ಎಂಬ ಉತ್ತರ ಬಂದ ಮೇಲೆ ಬಗ್ಗುತ್ತಾರೆ. ಹೆಂಗಸರು ಅದಕ್ಕೆ ನಗುವುದಿಲ್ಲ. ಕೂಗು ತಡವಾದರೆ ಅವರೇ ಕೇಳುತ್ತಾರೆ.

ಬಿಸಿಲು ಏರಿದೆ. ಸಾಲುಗಳೆಲ್ಲ ತೆರೆದಿವೆ, ಹೂವಿನ ಮೇಲೆ ಜೇನು ಬಂದಿದೆ. ಏಕನಾಥಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬಂದರೆ ಏನನ್ನಿಸುತ್ತದೆ ಎಂದು ಕೇಳಿದರೆ, ಬರೆಯುವಂಥದ್ದು ಏನು ಮಾಡಿದ್ದೇನೆ ಎಂಬಂತೆ ಮುಖ ನೋಡುತ್ತಾರೆ. ಗೆಳತಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ, ಅದನ್ನು ಹೊಗಳಿ ಬರೆಯಬೇಡಿ ಎನ್ನುತ್ತಾರೆ. ಎಲೆಯನ್ನು ಮಡಚಿ ಬಾಯಿಗಿಟ್ಟುಕೊಳ್ಳುವ ಮುನ್ನ ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬಗ್ಗಿದ ಬೆನ್ನುಗಳನ್ನು ಎಣಿಸುತ್ತಿರುವಂತೆ ಕಾಣುತ್ತದೆ.

"ಅದು ಆದ ಮ್ಯಾಲೆ ಇದು ಎಷ್ಟನೇ ಬೆಳೆನೋ ಏನೋ. ಬೆಳಗ್ಗೆ ಎಷ್ಟು ಜನ ಇಳಿತೀವೋ, ಸಂಜಿಕೆ ಅಷ್ಟೂ ಜನ ಮನಿಗೆ ಹೋಗ್ತಾ ಅದೀವಿ ನೋಡ್ರಿ. ಬರೆಯಾದಿದ್ರೆ ಅದನ್ನ ಬರ್ಕಳ್ರಿ."